ಪಾಲಯ್ಯನ ಮುಖ

1

ಎಲ್ಲಿಂದ ಶುರು ಮಾಡಲಿ? ಬೆಟ್ಟದಿಂದ ಶುರು ಮಾಡಿದ್ದೆ. ‘ಜಟಿಂಗ ರಾಮೇಶ್ವರ ಬೆಟ್ಟದ ಗಾಳಿ ಯುಗಯುಗಗಳ ಕಥೆಯನ್ನು ಪಿಸುಗುಟ್ಟುತ್ತಿತ್ತು’ ಎಂದು ಬರೆದು, ಓದಿ, ನನಗೇ ಹೇಸಿಗೆಯಾಗಿ ಅಳಿಸಿದೆ. ಆ ಬೆಟ್ಟದ ಗಾಳಿ ಪಿಸುಗುಟ್ಟುವುದಿಲ್ಲ ಸ್ವಾಮಿ, ತಲೆಗೆ ಸುತ್ತಿದ ಟವೆಲ್ ಕಿತ್ತುಕೊಂಡು ಹೋಗುತ್ತದೆ. ಆಮೇಲೆ ಚಳ್ಳಕೆರೆಯಿಂದ ಶುರು ಮಾಡಿದೆ. ಎಣ್ಣೆ ಗಿರಣಿ, ಶೇಂಗಾ ಹಿಂಡಿಯ ವಾಸನೆ, ಬಸ್ ಸ್ಟ್ಯಾಂಡಿನ ಗದ್ದಲ. ಅದು ಕಥೆಯಾಗಲಿಲ್ಲ, ನಾಲ್ಕನೇ ಕ್ಲಾಸಿನ ‘ನಮ್ಮ ಊರು’ ಪಾಠವಾಯಿತು. ಅದೂ ಡಿಲೀಟ್.

ಈಗ ಮೆಟ್ಟಿಲಿನಿಂದ ಶುರು ಮಾಡುತ್ತೇನೆ. ಇದೂ ಕೈಕೊಟ್ಟರೆ ಬೈಯಿರಿ. (ನನಗೆ ಕೇಳಿಸುವುದಿಲ್ಲ, ಬರೆಯುವ ಕೆಲಸದಲ್ಲಿರುವ ಒಂದೇ ಸುಖ ಅದು.)

2

ಚಳ್ಳಕೆರೆಯಲ್ಲಿ ನಿಂತುಹೋದ ಒಂದು ಎಣ್ಣೆ ಗಿರಣಿಯ ಮಹಡಿಯ ಮೇಲೆ ತ್ರಿವೇಣಿ ಚಿತ್ರ ಬರೆಯುತ್ತಾಳೆ. ಗಿರಣಿ ಅವಳ ಅಪ್ಪನದು. ಅವಳಿಗೆ ನಲವತ್ತು ದಾಟಿದೆ, ಮಾತು ಕಡಿಮೆ, ಹಟ ಜಾಸ್ತಿ. ಮನಸ್ಸಿಗೆ ಬೇಕೆಂದು ಪುರಾಣದ ಚಿತ್ರ ಬರೆಯುತ್ತಾಳೆ, ಹೊಟ್ಟೆಗೆ ಬೇಕೆಂದು ತೀರಿಕೊಂಡವರ ಚಿತ್ರ. ಯಾವುದೋ ಮದುವೆಯ ಗ್ರೂಪ್ ಫೋಟೋ ತಂದು, ಹಿಂದಿನ ಸಾಲಿನಲ್ಲಿ ಇಣುಕುವ ಅರ್ಧ ತಲೆ ತೋರಿಸಿ, “ಇವ್ರೇ ನಮ್ಮಪ್ಪ, ಒಂದು ಕೋಟು ಹಾಕ್ಬಿಡ್ರಿ” ಎನ್ನುವ ಜನ. ಬದುಕಿದ್ದಾಗ ಕೋಟು ಮುಟ್ಟಿಯೂ ನೋಡದವರಿಗೆಲ್ಲ ಅವಳು ಕೋಟು ಹಾಕಿಸಿದ್ದಾಳೆ.

ಫೋಟೋವೇ ಇಲ್ಲದವರಿಗೆ ಬೇರೆ ಪದ್ಧತಿ. ಹೋದವರ ಮೂಗು ಯಾರಿಗೆ ಬಂದಿದೆ, ಹಣೆ ಯಾರಿಗೆ ಬಂದಿದೆ ಎಂದು ಮನೆಯವರೇ ತೀರ್ಮಾನಿಸಿ ಆ ನೆಂಟರನ್ನು ಕರೆತಂದು ಕೂರಿಸುತ್ತಾರೆ. ತ್ರಿವೇಣಿ ಒಬ್ಬೊಬ್ಬರಿಂದ ಒಂದೊಂದು ತೆಗೆದು ಒಂದು ಮುಖ ಮಾಡಿಕೊಡುತ್ತಾಳೆ.

ಹಾಗೆ ಒಂದು ಬೆಳಿಗ್ಗೆ ಬಿ.ಜಿ. ಕೆರೆಯ ಬೋರಕ್ಕ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದಳು. ಎಪ್ಪತ್ತು ದಾಟಿದ ಮುದುಕಿ. ಹಿಂದೆ ಅವಳ ಮೈದುನ ಓಬಳೇಶ, ಅಂದರೆ ಮೂಗು. ಅವನ ಹಿಂದೆ ಅವಳ ಮಗ ಹನುಮಣ್ಣ, ಅಂದರೆ ಹಣೆ.

(ಗಲ್ಲಕ್ಕಾಗಿ ಮೊಮ್ಮಗಳು ಆಶಾಳನ್ನೂ ಕರೆತಂದಿದ್ದೆ. ಮೊಬೈಲಿನಿಂದ ತಲೆ ಎತ್ತಲಿಲ್ಲ. ಕಥೆಯಿಂದಲೇ ಇಳಿಸಿ ಬಸ್ಸು ಹತ್ತಿಸಿದೆ.)

3

“ನಮ್ಮನೆಯೋರ್ದು ಒಂದು ಪಟ ಬೇಕವ್ವಾ,” ಎಂದಳು ಬೋರಕ್ಕ. “ಹಿರೇರ ಹಬ್ಬದಾಗೆ ಎಲ್ಲಾರ ಮನೆಯಾಗೂ ಪಟ ಇಟ್ಟು ಎಡೆ ಹಾಕ್ತಾರೆ. ನಮ್ಮನೆಯಾಗೆ ಮಾತ್ರ ಚೆಂಬು ಇಡ್ತೀವಿ. ಚೆಂಬಿಗೆ ಏನಂತ ಮಾತಾಡ್ಲಿ?”

“ಅವ್ರ ಹೆಸ್ರು ಏನಜ್ಜೀ?”

ಬೋರಕ್ಕ ಮೈದುನನ ಕಡೆ ನೋಡಿದಳು. ಗಂಡನ ಹೆಸರು ಹೇಳುವವಳಲ್ಲ ಅವಳು, ನಾನು ಬರೆದರೂ ಹೇಳಲಿಲ್ಲ.

“ಪಾಲಯ್ಯ,” ಎಂದ ಓಬಳೇಶ. “ನಮ್ಮಣ್ಣ. ಈ ಹನುಮಣ್ಣ ಹೊಟ್ಟೆಯಾಗಿದ್ದ, ಆವಾಗ ಹೋದ. ಹುಲ್ಲು ಕೊಯ್ಯಾಕೆ ಅಂತ ಬೆಟ್ಟಕ್ಕೆ ಹೋದೋನು ಬಂಡೆ ಮ್ಯಾಲಿಂದ ಜಾರಿದ.”

ಯಾವ ಬೆಟ್ಟ? ಜಟಿಂಗ ರಾಮೇಶ್ವರ. ರಾವಣನ ಜೊತೆ ಕಾದಾಡಿ ಜಟಾಯು ಬಿದ್ದದ್ದು ಅಲ್ಲೇ ಎಂದು ನಮ್ಮ ಕಡೆಯವರ ನಂಬಿಕೆ. ತ್ರಿವೇಣಿಯ ಕೋಣೆಯ ಮೂಲೆಯಲ್ಲಿ ಆಳೆತ್ತರದ ಒಂದು ಕ್ಯಾನ್ವಾಸ್ ಇದೆ. ಅದರಲ್ಲಿ ಅದೇ ಬೆಟ್ಟ, ಅದೇ ಒಣಹುಲ್ಲು, ಬಂಡೆಗಳ ಮೇಲೆ ರೆಕ್ಕೆ ಕಡಿಸಿಕೊಂಡು ಬಿದ್ದ ಜಟಾಯು. ಜಟಾಯುವಿಗೆ ಮುಖವಿಲ್ಲ. ಎಷ್ಟು ಸಲ ಬರೆದರೂ ಗಿಳಿಯ ಮುಖವಾಗುತ್ತದೆಂದು ಅವಳು ಒರೆಸಿ ಹಾಕಿದ್ದಾಳೆ.

ನಿಮಗೆ ಗೊತ್ತಾಯಿತಲ್ಲ ಮುಂದೇನೆಂದು? ಒಂದು ಕಡೆ ಮುಖವಿಲ್ಲದ ಪಕ್ಷಿ, ಇನ್ನೊಂದು ಕಡೆ ಮುಖ ಹುಡುಕುವ ಮುದುಕಿ, ಇಬ್ಬರದೂ ಒಂದೇ ಬೆಟ್ಟ. ಇದು ಕಾಕತಾಳೀಯ, ನಾನು ಬೇಕೆಂದು ಮಾಡಿದ್ದಲ್ಲ. ಆಯ್ತು ಮಾರಾಯರೇ, ಬೇಕೆಂದೇ ಮಾಡಿದ್ದು. ಕಥೆಗಾರನಿಗೂ ಒಂದು ಹೊಟ್ಟೆಪಾಡಿದೆ.

4

ಓಬಳೇಶ ಸ್ಟೂಲಿನ ಮೇಲೆ ಮೂಗು ಮುಂದೆ ಮಾಡಿ ಕೂತ. ಮೂಗು ಮುಗಿಯಿತು. ಹಣೆಯೂ ಮುಗಿಯಿತು. ಮೀಸೆಗೆ ಬರುವಾಗ ಶುರುವಾಯಿತು ನೋಡಿ ಗ್ರಹಚಾರ.

“ದಪ್ಪ ಮೀಸೆ ಹಾಕ್ರಿ ಮೇಡಂ,” ಎಂದ ಹನುಮಣ್ಣ.

“ಕಾದು, ಕಾದು!” ಓಬಳೇಶನಿಗೆ ಸಿಟ್ಟು ಬಂದರೆ ‘ಅಲ್ಲ’ ಎನ್ನುವುದು ತೆಲುಗಿನಲ್ಲೇ ಬರುತ್ತದೆ. “ಮೀಸೆ ಎಲ್ಲಿತ್ತಲೇ? ಸಣ್ಣಗೆ ಗೆರೆ ಎಳ್ದಂಗೆ ಇತ್ತು ಅಷ್ಟೆ. ನೀನು ಹುಟ್ಟೇ ಇರ್ಲಿಲ್ಲ, ನಿಂಗೇನ್ ಗೊತ್ತೈತೆ?”

“ನಮ್ಮಪ್ಪ ಚಿಕ್ಕಪ್ಪಾ ಅವ್ನು. ನಂಗೆ ಇಷ್ಟ ಬಂದಂಗೆ ಹಾಕಿಸ್ತೀನಿ.”

“ಹಂಗಾದ್ರೆ ಕೋಟೂ ಹಾಕ್ಸು, ಕನ್ನಡಕನೂ ಹಾಕ್ಸು, ಕುದುರೆ ಮ್ಯಾಲೆ ಕೂರ್ಸು!”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನನಗೆ ತಲೆ ಚಿಟ್ಟು ಹಿಡಿಯಿತು. ಹೆಂಡತಿ ಎದುರಿಗೇ ಕೂತಿದ್ದಾಳಲ್ಲ, ಅವಳನ್ನು ಕೇಳಬಾರದೇ? ತ್ರಿವೇಣಿಯ ಬಾಯಿಂದ ಕೇಳಿಸಿದೆ.

“ಅಜ್ಜೀ, ನೀವು ಹೇಳ್ರಿ. ಮೀಸೆ ಇತ್ತಾ?”

“ಇದ್ದಂಗೆ...” ಬೋರಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಅವ್ರು ಹೆಂಗೆ ಹೇಳ್ತಾರೋ ಹಂಗೇ ಬರಿ ತಾಯಿ.”

ಇದ್ದಂಗೆ ಎಂದರೆ ಏನರ್ಥ? ಗಂಡನಿಗೆ ಮೀಸೆ ಇತ್ತೋ ಇಲ್ಲವೋ ಹೇಳಲಾಗದ ಪಾತ್ರವನ್ನು ಕಟ್ಟಿಕೊಂಡು ನಾನು ಯಾವ ಕಥೆ ಮುಗಿಸಲಿ?

5

ಮೊದಲ ಮುಕ್ತಾಯ (ರದ್ದಾದದ್ದು). ತ್ರಿವೇಣಿ ಮುಖ ಮುಗಿಸುತ್ತಾಳೆ. ಓಬಳೇಶನ ಮೂಗು, ಹನುಮಣ್ಣನ ಹಣೆ, ರಾಜಿಯಲ್ಲಿ ಒಪ್ಪಿದ ಮಧ್ಯಮ ಗಾತ್ರದ ಮೀಸೆ. ಬೋರಕ್ಕನ ಕಣ್ಣಲ್ಲಿ ನೀರು. ಶುಭಂ.

ಬರೆದೆ. ತ್ರಿವೇಣಿ ಸ್ಕೆಚ್ಚನ್ನು ತಿರುಗಿಸಿ ತೋರಿಸಿದಳು. ಬೋರಕ್ಕ ಬಹಳ ಹೊತ್ತು ನೋಡಿದಳು.

“ಒಳ್ಳೆ ಮನುಷ್ಯನಂಗೆ ಕಾಣ್ತಾನೆ,” ಎಂದಳು. “ಯಾರವ್ವಾ ಇವ್ನು?”

ಹೋಯಿತು. ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗಾಯಿತು ನನ್ನ ಕೆಲಸ.

5

(ಇದೂ ಐದೇ. ಹಿಂದಿನದು ರದ್ದಾಯಿತಲ್ಲ.)

ಎರಡನೇ ಮುಕ್ತಾಯ ನನ್ನ ಜೇಬಿನಲ್ಲೇ ಇತ್ತು. ಜಟಾಯುವಿನ ಮೇಲೆ ಈ ಮುಖ ಇಡು ಎಂದು ತ್ರಿವೇಣಿಗೆ ಹೇಳಿದೆ.

“ಯಾಕೆ ಸಾರ್?”

“ಬೆಟ್ಟದಿಂದ ಬಿದ್ದ ಪಾಲಯ್ಯ, ಬೆಟ್ಟದಲ್ಲಿ ಬಿದ್ದ ಜಟಾಯು. ಪುರಾಣ, ವರ್ತಮಾನ, ಎಲ್ಲ ಒಂದಾಗುತ್ತದೆ. ಕ್ಲೈಮ್ಯಾಕ್ಸ್!”

“ನಿಮ್ಗೆ ಒಂದಾಗ್ತೈತೆ ಸಾರ್. ಅಜ್ಜಿಗೆ ಏನ್ ಸಿಗ್ತೈತೆ?”

ಅಷ್ಟರಲ್ಲಿ ಬೋರಕ್ಕ ಎದ್ದು ನಿಂತಳು. ನಮ್ಮ ಮಾತು ಅವಳಿಗೆ ಕೇಳಿಸಬಾರದಿತ್ತು. ನನ್ನ ಕಥೆಯಲ್ಲಿ ಯಾರಿಗೆ ಏನು ಕೇಳಿಸಬೇಕೆಂಬುದೂ ನನ್ನ ಕೈಯಲ್ಲಿಲ್ಲ.

“ಏನಪ್ಪಾ, ನನ್ನ ಗಂಡನ್ನ ಹದ್ದು ಮಾಡ್ತೀಯಾ? ಹದ್ದು ಮನೆ ಮ್ಯಾಲೆ ಕುಂತ್ರೇನೇ ಶಾಂತಿ ಮಾಡಿಸ್ತೀವಿ ನಾವು. ನೀನು ಗೋಡೆಗೇ ನೇತಾಕು ಅಂತೀಯಲ್ಲ! ಓದಿದೋನಂಗೆ ಕಾಣ್ತೀಯಾ, ಅಷ್ಟೂ ತಿಳಿಯಾಕಿಲ್ವಾ?”

ಸರಿ ತಾಯಿ. ತಪ್ಪಾಯಿತು. ಎರಡನೇ ಮುಕ್ತಾಯವೂ ರದ್ದು.

6

ತ್ರಿವೇಣಿ ಗಂಡಸರಿಬ್ಬರನ್ನೂ ಟೀ ಕುಡಿದು ಬರಲು ಕಳಿಸಿದಳು. ನನ್ನನ್ನೂ ಹೋಗಿ ಎನ್ನುವ ಹಾಗೆ ನೋಡಿದಳು. ನಾನು ಹೋಗಲಿಲ್ಲ, ಹೋದರೆ ಬರೆಯುವವರು ಯಾರು? ಬಾಗಿಲು ಮುಚ್ಚಿಕೊಂಡ ಮೇಲೆ ಬೋರಕ್ಕ ಮಾತಾಡಿದಳು.

“ನಾನು ಅವ್ರ ಮುಖ ಸರಿಯಾಗಿ ನೋಡೇ ಇಲ್ಲ ತಾಯಿ.”

ತುಂಬಿದ ಮನೆ. ಹಗಲು ಹೊತ್ತು ಅತ್ತೆ ಮಾವನ ಎದುರು ಸೊಸೆ ಗಂಡನ ಕಡೆ ತಲೆ ಎತ್ತುವ ಹಾಗಿಲ್ಲ. ಕತ್ತಲಾದರೆ ಸೀಮೆಎಣ್ಣೆ ಉಳಿಸಬೇಕೆಂದು ಅತ್ತೆ ಬುಡ್ಡಿ ಆರಿಸುತ್ತಿದ್ದಳು. ಮದುವೆಯಾಗಿ ಎರಡನೇ ಬೇಸಿಗೆಗೆ ಅವನು ಹೋದ.

“ಹೆಣ ತಂದಾಗ ನಾನು ಬಸುರಿ. ಬಸುರಿ ಹೆಣ ನೋಡಬಾರ್ದು ಅಂತ ಒಳಗೆ ಕೂಡಿ ಅಗಳಿ ಹಾಕಿದ್ರು. ಬಾಗ್ಲು ಬಡಿದೆ, ತೆಗೀಲಿಲ್ಲ. ತಮಟೆ ಊರಾಚೆ ಹೋಗೋಗಂಟ ಕೇಳಿಸ್ತಾ ಇತ್ತು.” ಅವಳು ನೆಲ ನೋಡಿದಳು. “ಆದ್ರೂ ಅಷ್ಟೋ ಇಷ್ಟೋ ಮುಖ ನೆನಪಿತ್ತವ್ವಾ. ಈಗ ಅದೂ ಹೋಗೈತೆ. ಕಣ್ಣು ಮುಚ್ಚಿದ್ರೆ ಓಬಳೇಶನ ಮುಖ ಬರ್ತೈತೆ. ದಿನಾ ನೋಡೋದು ಅವ್ನನ್ನೇ ಅಲ್ವಾ? ಗಂಡನ್ನ ನೆನೆಸ್ಕೊಂಡ್ರೆ ಮೈದುನನ ಮುಖ ಬರ್ತೈತೆ ಅಂತ ಯಾರಿಗೆ ಹೇಳ್ಲಿ?”

ಇಲ್ಲಿ ನಾನೊಂದು ತಮಾಷೆ ಹಾಕಬೇಕಿತ್ತು, ಇಂಥ ಕಥೆಗಳ ಪದ್ಧತಿ ಅದು. ಹೊಳೆಯಲಿಲ್ಲ. ಐವತ್ತು ವರ್ಷ ಹಳೆಯ ಆ ಅಗಳಿಯ ಮೇಲೆ ಸಿಟ್ಟು ಬಂತು, ಮೀಸೆ ಕೇಳಿ ಅವಳನ್ನು ಕಾಡಿದ ನನ್ನ ಮೇಲೂ ಬಂತು.

7

ತ್ರಿವೇಣಿ ಅವಳನ್ನು ಸಮಾಧಾನ ಮಾಡಲಿಲ್ಲ. ಹೊಸ ಹಾಳೆ ಸಿಗಿಸಿ ಇದ್ದಿಲ ಕಡ್ಡಿ ಹಿಡಿದಳು.

“ಮುಖ ನೋಡ್ಲಿಲ್ಲ, ಸರಿ. ಮತ್ತೇನ್ ನೋಡಿದ್ರಿ ಅಜ್ಜೀ?”

“ಏನ್ ನೋಡಿದೆ...” ಬೋರಕ್ಕ ಯೋಚಿಸಿದಳು. “ಬೆನ್ನು ನೋಡಿದೆ. ಹೊಲಕ್ಕೆ ಹೋಗುವಾಗ ಅವ್ರು ಮುಂದೆ, ನಾನು ಬುಟ್ಟಿ ಹೊತ್ಕೊಂಡು ಹಿಂದೆ. ಬೆಟ್ಟಕ್ಕೆ ದೇವ್ರಿಗೆ ಹೋಗುವಾಗ್ಲೂ ಹಂಗೇ.”

“ಹೆಂಗಿತ್ತು ಬೆನ್ನು?”

ಆಮೇಲೆ ಅವಳ ಬಾಯಿಗೆ ತಡೆಯೇ ಇರಲಿಲ್ಲ. ಮೂಟೆ ಹೊತ್ತು ಹೊತ್ತು ಎಡ ಭುಜ ಇಳಿದಿತ್ತು. ತಲೆಯಲ್ಲಿ ಎರಡು ಸುಳಿ. ಬಲಗಿವಿಯ ಅಂಚು ಹರಿದಿತ್ತು, ಚಿಕ್ಕವನಿದ್ದಾಗ ಮೇಕೆ ಕಚ್ಚಿತ್ತಂತೆ. ಟವೆಲನ್ನು ಹೆಗಲಿಗೆ ಹಾಕುತ್ತಿರಲಿಲ್ಲ, ಕುತ್ತಿಗೆಗೆ ಸುತ್ತುತ್ತಿದ್ದ. ಹಿಮ್ಮಡಿ ಒಡೆದಿತ್ತು. ಅವಳು ಹಿಂದೆ ಬಿದ್ದರೆ ತಿರುಗಿ ನೋಡುತ್ತಿರಲಿಲ್ಲ, ನಾಚಿಕೆ. ನಡಿಗೆ ಮಾತ್ರ ನಿಧಾನ ಮಾಡುತ್ತಿದ್ದ.

“ಅಷ್ಟು ನೆಟ್ಟಗಲ್ಲ ತಾಯಿ, ಎಡಕ್ಕೆ ವಾಲ್ಸು. ಹ್ಞಾಂ. ಕುತ್ತಿಗೆ ಇನ್ನೂ ಸಣ್ಣ. ಹ್ಞಾಂ, ಹಂಗೆ.”

ಶೇಂಗಾ ಸಾಲುಗಳ ನಡುವೆ ಕಾಲುದಾರಿ ಬಂತು, ದೂರದಲ್ಲಿ ಬೆಟ್ಟ ಬಂತು, ದಾರಿಯ ಮೇಲೆ ಒಬ್ಬ ಗಂಡಸಿನ ಬೆನ್ನು ಬಂತು. ಬೋರಕ್ಕ ಕೂತಲ್ಲಿಂದ ಎದ್ದು, ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

8

ಗಂಡಸರು ಟೀ ಕುಡಿದು ಬಂದರು. ಮತ್ತೆ ಶುರು.

“ಇದೇನ್ರಿ ಮೇಡಂ! ಬೆನ್ನಿಗೆ ಎಡೆ ಇಡೋದಾ? ಕುಂಕುಮ ಎಲ್ಲಿ ಹಚ್ಚೋದು? ಊರೋರು ಉಗೀತಾರೆ!” ಎಂದ ಓಬಳೇಶ. ಸಂಪಾದಕರೂ ಇದನ್ನೇ ಕೇಳುತ್ತಾರೆ. ಓಬಳೇಶ ಇನ್ನೂ ಏನೋ ಕೂಗಾಡುತ್ತ ಹಾಳೆಯ ಹತ್ತಿರ ಹೋದವನು ಬಗ್ಗಿ ಹರಿದ ಕಿವಿಯನ್ನು ನೋಡಿದ. “ಕುಡುಗೋಲು ಎಡಗೈಯಾಗೆ ಬರೀರಿ,” ಎಂದ. “ನಮ್ಮಣ್ಣ ಎಡಚ.”

ಹನುಮಣ್ಣ ಮಾತ್ರ ಬಾಗಿಲಲ್ಲೇ ನಿಂತಿದ್ದ. ಐವತ್ತರ ಗಂಡಸು, ಚಿಕ್ಕ ಹುಡುಗನಂತೆ ಮುಖ ಮಾಡಿಕೊಂಡಿದ್ದ.

“ನಂಗೆ ಮುಖ ಬೇಕಿತ್ತು ಕಣವ್ವಾ. ನಾನು ಮುಖಾನೂ ನೋಡ್ಲಿಲ್ಲ, ಬೆನ್ನೂ ನೋಡ್ಲಿಲ್ಲ.”

ಅವನ ಮಾತು ನ್ಯಾಯವೇ. ಈ ಕಥೆಯಲ್ಲಿ ಅವನಿಗೆ ಏನೂ ಸಿಗಲಿಲ್ಲ.

(ಜಟಾಯು ಏನಾಯಿತು ಎನ್ನುತ್ತೀರಾ? ತ್ರಿವೇಣಿ ಇಡೀ ಕ್ಯಾನ್ವಾಸಿಗೆ ಬಿಳಿ ಬಳಿದು ಮತ್ತೆ ಶುರು ಮಾಡಿದ್ದಾಳೆ. ಈಗ ಹಕ್ಕಿ ಮೇಲಿನಿಂದ ಕಾಣುತ್ತದಂತೆ, ರಥದಲ್ಲಿದ್ದ ಸೀತೆಗೆ ಕಂಡ ಹಾಗೆ. ಬೆನ್ನು ಮತ್ತು ರೆಕ್ಕೆ. ನನ್ನನ್ನು ಒಂದು ಮಾತು ಕೇಳಲಿಲ್ಲ.)

9

ಕೊನೆಯ ಪ್ರಯತ್ನ. ಹನುಮಣ್ಣನಿಗಾಗಿ ಮೂರನೇ ಮುಕ್ತಾಯ ಬರೆಯಲು ಕೂತೆ. ಕಥೆಯಲ್ಲವೇ, ಏನು ಬೇಕಾದರೂ ಆಗಬಹುದು. ಹಿರೇರ ಹಬ್ಬ. ಗೋಡೆಯ ಮೇಲೆ ಪಟ. ಮುಂದೆ ಬಾಳೆಲೆಯಲ್ಲಿ ಹೋಳಿಗೆ, ಹೊಸ ಪಂಚೆ. ಹನುಮಣ್ಣ ಕೈ ಮುಗಿದು ‘ಅಪ್ಪಾ’ ಎಂದು ಕರೆಯುತ್ತಾನೆ. ಶೇಂಗಾ ಹೊಲದ ದಾರಿಯಲ್ಲಿ ಪಾಲಯ್ಯ ನಿಂತ. ನಿಧಾನವಾಗಿ ಕತ್ತು...

“ಬ್ಯಾಡಪ್ಪಾ, ಬರೀಬ್ಯಾಡ.”

ಬೋರಕ್ಕ. ಅದೇ ಸೆರಗು, ತಲೆಯ ಮೇಲೆ.

“ಯಾಕಮ್ಮಾ? ನಿನ್ನ ಮಗನಿಗೆ ಒಂದು ಸಲ ತೋರಿಸೋಣ. ನೀನೂ ನೋಡು. ಐವತ್ತು ವರ್ಷ ಕಾದಿದ್ದೀಯ!”

“ಅವ್ರು ತಿರುಗಿದ್ರೆ ಓಬಳೇಶನ ಮುಖ ಇರ್ತೈತೆ,” ಎಂದಳು. “ಇದೊಂದಾದ್ರೂ ಉಳೀಲಿ. ಅವ್ರು ನಡೀತಾ ಇರ್ಲಿ, ನಾನು ಹಿಂದೆ ಇದೀನಿ.”

‘ಪಾಲಯ್ಯ ನಿಂತ’ ಎಂದು ಬರೆದಿದ್ದೆನಲ್ಲ, ಅದನ್ನೂ ಅಳಿಸಿದೆ. ಅವನು ನಿಂತಿಲ್ಲ. ನಡಿಗೆ ಸ್ವಲ್ಪ ನಿಧಾನ ಮಾಡಿದ್ದಾನೆ, ಅಷ್ಟೆ.