ಪದಕದ ಅಂಚಿನ ಹೆಸರು

“ಮಾದರ ಅಂತ ಊರ ಬಾಗಲದಾಗ ಬರಸಿ, ಹೋಗೋರು ಬರೋರು ನಮ್ಮ ಮಾರಿಗೆ ಉಗುಳ್ಬೇಕೇನಬೇ?” ಚನ್ನಬಸವಣ್ಣ ಸಾಹುಕಾರ ಎಲೆಯಡಿಕೆಯ ಕೆಂಪು ಉಗುಳನ್ನು ದೇವವ್ವನ ಕಾಲ ಬುಡಕ್ಕೇ ಪಿಚಕ್ಕೆಂದು ಉಗಿದ.

ಬೆಳ್ಳಟ್ಟಿಯ ಬಸ್ ನಿಲ್ದಾಣದ ಎದುರಿಗೆ ಹೊಸ ಫಲಕ ನಿಂತಿತ್ತು. ಗಡಿಯಲ್ಲಿ ಗುಂಡು ತಿಂದು ಸತ್ತ ದೇವವ್ವನ ಮಗನ ಹೆಸರಿನ ವೃತ್ತವಂತೆ. ಹನ್ನೊಂದಕ್ಕೆ ಶಾಸಕರು ಬಂದು ಉದ್ಘಾಟಿಸಬೇಕು. ಓದು ಬಾರದ ದೇವವ್ವನಿಗೆ ಜೊತೆಗೆ ಬಂದಿದ್ದ ಮಗಳು ನೇತ್ರಾ ಓದಿ ಹೇಳಿದ್ದಳು: ‘ವೀರಯೋಧ ಸೋಮೇಶ ಬೆಳ್ಳಟ್ಟಿ’.

“ಬೆಳ್ಳಟ್ಟಿ ಯಾವಾಗಿಂದ ನಮ್ಮ ಅಡ್ಡಹೆಸರಾತ್ರಿ? ಪದಕ ಕೊಡುಮುಂದ ಮೈಕಿನ್ಯಾಗ ಸೋಮೇಶ ಮಾದರ ಅಂತನ ಕೂಗಿದ್ರು. ದೊಡ್ಡ ಸಾಹೇಬರು ನನಗ ಸಲಾಮ್ ಹೊಡದ್ರು.”

“ಅದು ಮಿಲಿಟರಿ, ಇದು ಊರು. ಪದಕ ತಂದೀಯಿಲ್ಲೋ? ಕೈಯಾಗ ಕೊಡಬ್ಯಾಡ, ಕಟ್ಟಿ ಮ್ಯಾಲ ಇಡು.”

ಇಟ್ಟಳು. ಗುಡಿಯ ಸಭಾಭವನದಲ್ಲಿ ಗಾಜಿನ ಪೆಟ್ಟಿಗೆ ಮಾಡಿಸಿ ಅದನ್ನು ಇಡುತ್ತಾರಂತೆ; ಆ ಭವನದ ಹೊಸ್ತಿಲನ್ನು ಅವಳ ಮನೆತನದವರು ಈ ತನಕ ದಾಟಿಲ್ಲ. ಸಾಹುಕಾರ ನೀರಿನ ಬಾಟಲಿಯ ಮುಚ್ಚಳ ತಿರುವಿ ಪದಕದ ಮೇಲೆ ಗೊಳಗೊಳ ಸುರಿದ. ಆಮೇಲೆ ಅದರ ಬಟ್ಟೆಯ ಪಟ್ಟಿ ಹಿಡಿದೆತ್ತಿ ತಿರುಗಿಸಿ ನೋಡಿದ.

“ಥೂ, ಅಂಚಿನಾಗೂ ಮಾದರ ಅಂತ ಕೆತ್ತ್ಯಾರಲ್ಲಲೇ. ಇರ್ಲಿ ಬಿಡು, ಬಂಗಾರ ಕೆಲಸದ ಪತ್ತಾರಗ ಹೇಳಿ ಅರ ಹಚ್ಚಿ ಉಜ್ಜಿ ಅಳಸ್ತೇನಿ.”

ದೇವವ್ವ ಮುಂದೆ ಬಂದಳು. ಅವನ ಬೆರಳಿನಿಂದ ಪದಕ ಕಿತ್ತುಕೊಂಡು ಸೆರಗಿಗೆ ಸಿಕ್ಕಿಸಿಕೊಂಡಳು. ಫಲಕ ಬರೆದ ಪೇಂಟರ್ ಅಯ್ಯೂಬ ಅಲ್ಲೇ ಕುಂಚ ಹಿಡಿದು ನಿಂತಿದ್ದ.

“ಅಯ್ಯೂಬಣ್ಣ, ಬ್ರಶ್ ಕೊಡು ನಮ್ಮ ಹುಡುಗಿಗಿ.”

ಅಯ್ಯೂಬ ಒಮ್ಮೆ ಸಾಹುಕಾರನ ಮುಖ ನೋಡಿದ. ಕುಂಚವನ್ನು ಡಬ್ಬಿಯೊಳಗಿಟ್ಟು, ಬೀಡಿ ಹಚ್ಚುವ ನೆಪದಲ್ಲಿ ಆಚೆ ತಿರುಗಿದ. ನೇತ್ರಾ ಡಬ್ಬಿ ಎತ್ತಿಕೊಂಡು ಅವನ ಸ್ಟೂಲು ಹತ್ತಿ, ಬೆಳ್ಳಟ್ಟಿಯ ಮೇಲೆಯೇ ದಪ್ಪಗೆ ‘ಮಾ’ ಎಂದು ಬರೆದಳು.

“ಇಳೀಲೇ ಬೋಸಡಿ,” ಎನ್ನುತ್ತ ಸಾಹುಕಾರ ನುಗ್ಗಿದ. ದೇವವ್ವ ಅಡ್ಡ ನಿಂತಳು.

“ನನ್ನ ದೂಡಿ ಹೋಗ್ರಿ ಸಾವ್ಕಾರ್ರ. ಮುಟ್ರಿ.”

ಎತ್ತಿದ ಕೈ ಅರ್ಧಕ್ಕೇ ನಿಂತಿತು. ಸೇರಿದ ಜನರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಶಾಸಕರ ಗಾಡಿ ಬಂದು ನಿಂತಿತು. ನೇತ್ರಾ ‘ದ’ ಮುಗಿಸಿ, ಮೂರನೆಯ ಅಕ್ಷರಕ್ಕೆ ಕುಂಚ ಅದ್ದಿದಳು.