ಬಲತುದಿಯ ಕುರ್ಚಿ

ಎಂಟು ವರ್ಷದ ಎಸಿಗೆ ತಾಯಿ ಅರಾಬಾ ಒಂದು ವಾರದಿಂದ ಒಂದೇ ಪಾಠ ಹೇಳಿಕೊಡುತ್ತಿದ್ದಳು. ಅಡುಗೆಮನೆಯ ಕುರ್ಚಿಗಳ ಮೇಲೆ ಪಾತ್ರೆಗಳನ್ನು ಸಾಲಾಗಿ ಕೂರಿಸಿ, "ಇವರೆಲ್ಲ ದೊಡ್ಡೋರು. ಬಲತುದಿಯಿಂದ ಶುರು ಮಾಡಿ ಒಬ್ಬೊಬ್ಬರ ಕೈಯೂ ಕುಲುಕ್ಬೇಕು" ಎನ್ನುತ್ತಿದ್ದಳು. ಘಾನಾದ ಅವರ ಕಡೆ ಅದೇ ಮರ್ಯಾದೆ. ತಪ್ಪಿದರೆ ಕೂತವರಿಗೆ ಅವಮಾನ.

ಇವತ್ತು ಎಸಿಯ ತಮ್ಮ ಹುಟ್ಟಿದ ಎಂಟನೇ ದಿನ. ಮಗುವಿನ ನಾಲಿಗೆಗೆ ನೀರು ಮುಟ್ಟಿಸಿ ಹೆಸರಿಡಲು ಅರಾಬಾಳ ಸೋದರಮಾವ ಎಕೋ ಘಾನಾದಿಂದ ಅಮೆರಿಕದ ಒಹಾಯೊದಲ್ಲಿದ್ದ ಇವರ ಮನೆಯವರೆಗೂ ಬಂದಿದ್ದ. ಬರುವ ಮೊದಲೇ ಫೋನಿನಲ್ಲಿ ಚುಚ್ಚಿದ್ದ: "ಅಮೆರಿಕದಲ್ಲಿ ಹುಟ್ಟಿದ ಮಕ್ಕಳಿಗೆ ದೊಡ್ಡೋರೂ ಒಂದೇ, ಬಾಗಿಲೂ ಒಂದೇ."

"ನನ್ನ ಮಗಳನ್ನ ನೋಡಿ ಆಮೇಲೆ ಹೇಳು ಮಾವ" ಎಂದಿದ್ದಳು ಅರಾಬಾ.

ಹಜಾರದಲ್ಲಿ ಹದಿನೇಳು ಜನ ಸಾಲಾಗಿ ಕೂತಿದ್ದರು. ಬಲತುದಿಯಲ್ಲಿ ಮಾವ. ಎಡತುದಿಯಲ್ಲಿ ಅರಾಬಾಳ ಅತ್ತೆ, ಅಂದರೆ ಗಂಡನ ತಾಯಿ ಅರ್ನೆಸ್ಟೀನ್, ಅಲಬಾಮಾದಿಂದ ಆಗಷ್ಟೇ ಬಂದಿಳಿದವಳು. ಒಳಗೆ ಕಾಲಿಟ್ಟ ಎಸಿ ಅಜ್ಜಿಯನ್ನು ಕಂಡದ್ದೇ ಎಡಕ್ಕೆ ಓಡಿ ಕೊರಳಿಗೆ ಜೋತುಬಿದ್ದಳು.

"ಪಾಠ ಚೆನ್ನಾಗಿದೆ" ಎಂದ ಮಾವ. ಅರಾಬಾಳ ಮುಖ ಸಣ್ಣದಾಯಿತು.

"ಏನಾಯ್ತಮ್ಮ?" ಅತ್ತೆ ಕೇಳಿದಳು.

"ಬಲಗಡೆಯಿಂದ ಶುರು ಮಾಡ್ಬೇಕಿತ್ತು ಅತ್ತೆ."

"ಅಷ್ಟೇನಾ?" ಅರ್ನೆಸ್ಟೀನ್ ಎದ್ದಳು. ತನ್ನ ಕುರ್ಚಿಯನ್ನು ತಾನೇ ಎತ್ತಿಕೊಂಡು ಹಜಾರ ದಾಟಿ ಮಾವನ ಮುಂದೆ ನಿಂತಳು. "ಸ್ವಲ್ಪ ಆ ಕಡೆ ಸರೀರಿ ಅಣ್ಣಾವ್ರೆ. ನನ್ನ ಮೊಣಕಾಲೂ ನಿಮ್ಮಷ್ಟೇ ಹಳೇದು."

ಹಾಗೆ ಅವನಿಗೆ ಯಾರೂ ಹೇಳಿದ್ದಿಲ್ಲ. ಅವನು ಸರಿದ. ಅವನು ಸರಿದ ಮೇಲೆ ಉಳಿದವರೂ ಕರಕರ ಎಂದು ಕುರ್ಚಿ ಎಳೆದುಕೊಂಡು ಸರಿದರು.

"ಈಗ ಹೊರಗ್ಹೋಗಿ ಮತ್ತೆ ಬಾ ಕಂದ" ಎಂದಳು ಅಜ್ಜಿ, ಬಲತುದಿಯಲ್ಲಿ ಕೂತು.

ಎಸಿ ಮತ್ತೆ ಬಂದಳು. ಅಜ್ಜಿ ಗಂಭೀರವಾಗಿ ಕೈಕೊಟ್ಟು, "ಯಾರ ಮನೆ ಹುಡುಗಿಯಮ್ಮ ನೀನು?" ಎಂದಳು.

"ತಮಾಷೆ ಮಾಡ್ಬೇಡ ಅಜ್ಜಿ, ಇನ್ನೂ ಹದಿನಾರು ಜನ ಇದಾರೆ."

ಮಾವನ ಕೈ ಕುಲುಕಿ, ಅವನ ಭಾಷೆಯಲ್ಲೇ ಕ್ಷೇಮ ಕೇಳಿ, ಸಾಲಿನ ಕೊನೆಯವರೆಗೂ ಹೋದಳು. ಅಪ್ಪ ಕರ್ಟಿಸ್‌ನ ತೊಡೆಯ ಮೇಲೆ ಮಲಗಿದ್ದ ತಮ್ಮನನ್ನೂ ಬಿಡಲಿಲ್ಲ. ಅವನ ಪುಟ್ಟ ಬೆರಳು ಹಿಡಿದು ಕುಲುಕಿದಳು.

ಮಾವ ಎಲ್ಲವನ್ನೂ ನೋಡಿದ. ಆಮೇಲೆ ಅರಾಬಾಳತ್ತ ತಿರುಗಿ, "ಇವಳು ಪರವಾಗಿಲ್ಲ ಕಣೆ. ಇವಳ ವಯಸ್ಸಲ್ಲಿ ನೀನು ನನ್ನನ್ನ ಕಂಡ್ರೆ ಮಂಚದ ಕೆಳಗೆ ಸೇರ್ಕೋತಿದ್ದೆ" ಎಂದ.

"ನಿಜಾನಾ ಅಮ್ಮ?" ಎಸಿ ಕಣ್ಣರಳಿಸಿದಳು.

"ಹೆಸರಿಡೋಕೆ ನೀರು ತರ್ತೀನಿ" ಎಂದು ಅರಾಬಾ ನಗು ಬಿಗಿಹಿಡಿದು ಅಡುಗೆಮನೆಗೆ ನಡೆದಳು.