ಕಣ್ಣು ಮುಚ್ಚಿದರೂ ನೇರ

ಗಡಿಯಾರ ರಿಪೇರಿಯವನ ಕತ್ತುನೋವು ಅವನ ಕಸುಬಿನದೇ ಕೂಸು. ಹರೆಯದಿಂದಲೂ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಯಷ್ಟು ತಿರುಪುಗಳ ಮೇಲೆ ಬಗ್ಗಿ ಕೂತವನ ಕತ್ತು ನೆಟ್ಟಗಿರು ಅಂದರೆ ಹೇಗಿದ್ದೀತು? ನೋವು ನೆಂಟನ ಹಾಗೆ ಬಂತು, ಮನೆಯಳಿಯನ ಹಾಗೆ ಉಳಿಯಿತು. ಕೊನೆಕೊನೆಗೆ ತಲೆ ಎತ್ತಿದರೆ ನೆಲವೇ ತೇಲಿದಂತಾಗತೊಡಗಿತು.

ಊರ ಗೋಪುರದ ಗಡಿಯಾರಕ್ಕೆ ಕೀಲಿ ಕೊಡುವವನೂ ಅವನೇ. ಅಲ್ಲಿಗೆ ಹತ್ತಲು ಕಡಿದಾದ ಏಣಿ.

"ತಲೆ ಸುತ್ತೋ ಮನುಷ್ಯ ಏಣಿ ಹತ್ತೋದು ಬೇಡ. ಡಾಕ್ಟರಮ್ಮ ಹೂಂ ಅಂದಮೇಲೆ ನೋಡೋಣ," ಎಂದು ಹೆಂಡತಿ ಗೋಪುರದ ಬೀಗದ ಕೈಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಅಂದಿನಿಂದ ಊರ ಗಂಟೆ ಬಾಯಿ ಮುಚ್ಚಿತ್ತು. ಅವನಿಗದು ನಿತ್ಯದ ಪ್ರಾರ್ಥನೆ ತಪ್ಪಿದಂಥ ಸಂಕಟ.

ಕತ್ತಿಗೆ ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ ಮಗಳ ವಯಸ್ಸಿನವಳು. ಮೊದಲ ದಿನ ಅವನ ಹಣೆಗೊಂದು ಪಟ್ಟಿ ಕಟ್ಟಿ, ಅದಕ್ಕೆ ಪುಟ್ಟ ಲೇಸರ್ ದೀಪ ಸಿಕ್ಕಿಸಿ, ಎರಡು ಮೊಳ ದೂರದ ಗೋಡೆಗೆ ಉಂಗುರ ಉಂಗುರ ಗೆರೆಯ ಹಾಳೆ ಅಂಟಿಸಿದಳು. ಕೆಂಪು ಚುಕ್ಕೆಯನ್ನು ನಡುವಿಗೆ ನಿಲ್ಲಿಸಿ, ಕಣ್ಣು ಮುಚ್ಚಿ, ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಮತ್ತೆ ನೇರ ಅನ್ನಿಸಿದಲ್ಲಿಗೆ ತರಬೇಕು. ಅವನು ತುಂಬು ನಂಬಿಕೆಯಿಂದಲೇ ತಂದ. ಕಣ್ಣು ಬಿಟ್ಟರೆ ಚುಕ್ಕೆ ಹಾಳೆಯನ್ನೇ ಬಿಟ್ಟು ಕಿಟಕಿಯ ಚೌಕಟ್ಟಿನ ಮೇಲೆ ಕೂತಿತ್ತು.

"ನೋವು ಹಳೇದಾದ್ರೆ ತಲೆ ಎಲ್ಲಿದೆ ಅನ್ನೋದೇ ಕತ್ತಿಗೆ ಮರೆತುಹೋಗತ್ತೆ ಅಂಕಲ್. ಮತ್ತೆ ಕಲಿಸೋಣ."

ಹಾಳೆಯ ಮೇಲುಗಡೆ ಒಂದು ಗಡಿಯಾರ ನಿಂತುಹೋಗಿತ್ತು. ನಿಂತ ಗಡಿಯಾರ ಅವನಿಗೆ ಅಳುವ ಮಗುವಿದ್ದಂತೆ. ಕೇಳಿ ಮನೆಗೊಯ್ದ, ಸರಿಮಾಡಿದ, ಮುಂದಿನ ಸಲ ತಾನೇ ತಂದು ಅದೇ ಜಾಗದಲ್ಲಿ ನೇತುಹಾಕಿದ.

ಮನೆಯಲ್ಲಿ ವ್ಯಾಯಾಮಕ್ಕೆ ಹೆಂಡತಿಯ ಕಾವಲು. "ಗಲ್ಲ ಒಳಗೆ ಎಳ್ಕೊಳ್ಳಿ! ಕುರಿ ಥರ ಚಾಚಬೇಡಿ!" ಎರಡು ತಿಂಗಳಲ್ಲಿ ನೋವು ಬಾಲ ಮುದುರಿತು. ಮರುಪರೀಕ್ಷೆಯ ದಿನ ಹೆಂಡತಿಯೂ ಜೊತೆಗೆ ಬಂದಳು.

ಕಣ್ಣು ಮುಚ್ಚಿದ, ತಿರುಗಿದ, ಮರಳಿದ. ಚುಕ್ಕೆ ನಟ್ಟನಡುವೆ! ಇನ್ನೊಂದು ಪಕ್ಕಕ್ಕೂ ಹಾಗೆಯೇ.

"ನನ್ನ ಕತ್ತೂ ಇಷ್ಟು ನೇರ ಇಲ್ಲ ಅಂಕಲ್!" ಎಂದಳು ಡಾಕ್ಟರಮ್ಮ.

ಅವನು ಹೆಂಡತಿಯತ್ತ ಕೈಚಾಚಿದ. "ತಾ, ಬೀಗದ ಕೈ."

"ತಾಳಿ," ಎಂದಳು ಹೆಂಡತಿ. "ಡಾಕ್ಟರಮ್ಮ, ಆ ಗಡಿಯಾರ ಸ್ವಲ್ಪ ಆಚೆ ಇಡ್ತೀರಾ? ಕರೆಂಟು ಹೋದಾಗ ಇವರು ಟಿಕ್‌ಟಿಕ್ ಸದ್ದಿನ ಜಾಡು ಹಿಡಿದೇ ಮನೆಯೆಲ್ಲಾ ಓಡಾಡ್ತಾರೆ. ಎರಡು ಕಿವಿಗೂ ಒಂದೇ ಸಮ ಕೇಳಿದ್ರೆ ಗಡಿಯಾರದ ಎದುರಿಗಿದ್ದಾರೆ ಅಂತ ಲೆಕ್ಕ. ಕಣ್ಣು ಮುಚ್ಚಿದ್ರೇನು, ಕಿವಿ ಮುಚ್ಚಿದ್ರಾ?"

ಅವನು ಬೆಪ್ಪಾದ. "ಅಯ್ಯೋ, ಹೌದಲ್ಲೇ! ನಂಗೇ ಗೊತ್ತಾಗ್ಲಿಲ್ಲ, ಕಿವಿ ತಾನಾಗೇ ಹುಡುಕ್ತಿತ್ತು." ಆಮೇಲೆ ಗೊಣಗಿದ: "ಮನೇಲೇ ಪೊಲೀಸು ಸಾಕಿದೀನಿ."

ನಗುನಗುತ್ತಲೇ ಡಾಕ್ಟರಮ್ಮ ಗಡಿಯಾರವನ್ನು ಆಚೆ ಕೋಣೆಗೆ ಸಾಗಿಸಿ ಬಾಗಿಲು ಮುಚ್ಚಿದಳು. ಕೋಣೆ ನಿಶ್ಶಬ್ದವಾಯಿತು. ಅವನು ಮತ್ತೆ ಕಣ್ಣು ಮುಚ್ಚಿದ. ಈಗ ಹಿಡಿದುಕೊಳ್ಳಲು ಏನೂ ಇಲ್ಲ. 'ಸ್ವಾಮಿ, ನೇರ ಯಾವುದು ಅಂತ ನಿನಗೆ ಗೊತ್ತು. ಈ ಬಡ ಕತ್ತಿಗೂ ಒಂಚೂರು ತಿಳಿಸು,' ಎಂದುಕೊಂಡ. ತಲೆ ತಿರುಗಿಸಿ ಮೆಲ್ಲಗೆ ಮರಳಿದ. ಒಂದು ಜಾಗಕ್ಕೆ ಬಂದಾಗ ಕತ್ತಿನ ಒಳಗಿನಿಂದಲೇ ಏನೋ 'ಇಲ್ಲಿ' ಅಂದಂತಾಯಿತು. ನಿಂತ.

ಚುಕ್ಕೆ ನಟ್ಟನಡುವೆ ಇರಲಿಲ್ಲ. ನಡುವಿನ ಉಂಗುರಕ್ಕೆ ಅಂಟಿಕೊಂಡ ಉಂಗುರದಲ್ಲಿತ್ತು. ಮತ್ತೆ ಮಾಡಿದರೂ ಅಲ್ಲೇ ಸುತ್ತಮುತ್ತ. ಡಾಕ್ಟರಮ್ಮ ಸ್ಕೇಲು ಹಿಡಿದು ಅಳೆದಳು.

"ಅವತ್ತು ಕಿಟಕಿಗೆ ಹೋಗಿತ್ತು, ಇವತ್ತು ಒಂದು ಬೆರಳಿನ ಅಂತರ. ಇದು ಗಡಿಯಾರ ಹೇಳಿಕೊಟ್ಟದ್ದಲ್ಲ, ನಿಮ್ಮ ಕತ್ತೇ ಕಲಿತದ್ದು. ತಲೆಸುತ್ತೂ ನಿಂತಿದೆ. ಏಣಿ ಕಂಬಿ ಹಿಡ್ಕೊಂಡು ನಿಧಾನಕ್ಕೆ ಹತ್ತಿ."

ಈ ಸಲ ಅವನು ಕೈ ಚಾಚಲಿಲ್ಲ. ಹೆಂಡತಿಯೇ ಚೀಲ ತೆರೆದು ಬೀಗದ ಕೈಯನ್ನು ಅವನ ಅಂಗೈಲಿಟ್ಟಳು.

ಅಂದು ಮಧ್ಯಾಹ್ನ ಅವನು ಗೋಪುರ ಹತ್ತಿದ. ಧೂಳು ಒರೆಸಿ, ಎಣ್ಣೆ ಬಿಟ್ಟು, ಕೀಲಿ ತಿರುವಿ, ಲೋಲಕವನ್ನು ಮೆಲ್ಲಗೆ ನೂಕಿದ. ಗಂಟೆ ಬಾಯಿಬಿಟ್ಟಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ತಲೆ ಎತ್ತಿದರು. ಅವನು ಗೂಡಿನ ಕಿಟಕಿಯಿಂದ ಕೆಳಗೆ ಬಗ್ಗಿ ನೋಡಿದ. ನೆಲ ತೇಲಲಿಲ್ಲ, ಇದ್ದಲ್ಲೇ ಇತ್ತು. ಕೈಗಳು ತಾವಾಗಿ ಮುಗಿದವು.

ಕೆಳಗೆ, ಅವನು ಮೊದಲ ಮೆಟ್ಟಿಲು ಹತ್ತಿದಾಗಿನಿಂದ ಮುಖ ಮೇಲೆತ್ತಿಯೇ ನಿಂತಿದ್ದ ಹೆಂಡತಿ ಕೂಗಿದಳು: "ಬೇಗ ಇಳೀರಿ! ನಿಮ್ಮನ್ನ ನೋಡಿ ನೋಡಿ ನನ್ನ ಕತ್ತು ಹಿಡ್ಕೊಂಡ್ಬಿಡ್ತು!"

"ಗಲ್ಲ ಒಳಗೆ ಎಳ್ಕೋ!" ಎಂದು ಅವನು ಮೇಲಿನಿಂದ ಕೂಗಿ ಹೇಳಿದ.